ಗಂಟುಮೋರೆಯ ಮಗಳು

ಫೆಬ್ರವರಿ 9

ಅಮ್ಮಾ,

ಮೊನ್ನೆ ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಆಂ? ಆಂ?" ಎಂದು ಕೊನೆಗೆ ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಕಿವಿ ಅಷ್ಟು ಮಂದವಾಗಿದೆಯೇ? ಅಪ್ಪನ ಹತ್ತಿರ ಹೇಳುವ ಸಂಗತಿ ಇದಲ್ಲ. ಅದಕ್ಕೇ ಕಾಗದ.

ಪಾಪು ಚೆನ್ನಾಗಿದ್ದಾಳೆ. ಕತ್ತು ನಿಂತಿದೆ, ಮಗುಚಿಕೊಳ್ಳುತ್ತಾಳೆ, ಮಗುಚಿಕೊಂಡ ಮೇಲೆ ತಿರುಗಿ ಮಲಗುವುದು ಗೊತ್ತಿಲ್ಲದೆ ನನ್ನನ್ನು ಬಯ್ಯುತ್ತಾಳೆ. ಹಗಲು ನಿದ್ದೆ, ರಾತ್ರಿ ದರ್ಬಾರು. ನಾನು ಈಗ ನಿಂತಲ್ಲೇ ತೂಕಡಿಸುವುದನ್ನು ಕಲಿತಿದ್ದೇನೆ. ನಿನ್ನೆ ಹಾಲಿನ ಪಾತ್ರೆಯನ್ನು ಬೀರುವಿನಲ್ಲಿಟ್ಟು, ಮಡಚಿದ ಬಟ್ಟೆಯನ್ನು ಒಲೆಯ ಪಕ್ಕ ಇಟ್ಟಿದ್ದೆ.

ಹೇಳಬೇಕಾದದ್ದು ಇದಲ್ಲ. ಹೆರಿಗೆಗೆ ಆಪರೇಷನ್ ಆದ ಜಾಗ ಇದೆಯಲ್ಲ, ಅದು. ಹೊಲಿಗೆ ಯಾವತ್ತೋ ಒಣಗಿದೆ. ನೋಡಿದರೆ ಒಂದು ತೆಳು ಗೆರೆ, ನಿನ್ನ ಇಸ್ತ್ರಿಯ ಮಡಿಕೆಯ ಹಾಗೆ. ಆದರೆ ಅದರ ಸುತ್ತ ಅಂಗೈಯಗಲ ಉರಿಯುತ್ತದೆ. ಒತ್ತಿದರೆ ಅಷ್ಟಿಲ್ಲ. ಸುಮ್ಮನೆ ಏನಾದರೂ ಸವರಿಕೊಂಡು ಹೋದರೆ ಪ್ರಾಣವೇ ಹೋಗುತ್ತದೆ. ಅಂಗಿಯ ಅಂಚು ಸಾಕು. ಪಾಪು ಹಾಲು ಕುಡಿಯುವಾಗ ಕಾಲಾಡಿಸುತ್ತಾಳಲ್ಲ, ಆ ಹಿಮ್ಮಡಿ ತಗುಲಿದರೆ ಕಣ್ಣಲ್ಲಿ ನೀರು ಬರುತ್ತದೆ. ನಡುವೆ ದಿಂಬು ಇಟ್ಟುಕೊಂಡು ಹಾಲು ಕೊಡುತ್ತೇನೆ. ಇವರು ಕೆಲಸದಿಂದ ಬಂದ ಕೂಡಲೇ ಮಗುವನ್ನು ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತೇನೆ. ಮುಖ ತೊಳೆಯುವುದಕ್ಕಲ್ಲ. ಸ್ವಲ್ಪ ಹೊತ್ತು ಯಾರೂ ಮುಟ್ಟದ ಹಾಗೆ ನಿಲ್ಲುವುದಕ್ಕೆ.

ಡಾಕ್ಟರಿಗೆ ತೋರಿಸಿದೆ. "ಗಾಯ ಚೆನ್ನಾಗಿ ಕೂಡಿದೆ, ಏನೂ ಇಲ್ಲ" ಎಂದರು. ಇವರು ಹೊರಗೆ ಬಂದು, "ಏನೂ ಇಲ್ಲ ಅಂದ್ರಲ್ಲ, ಒಳ್ಳೇದೇ ಅಲ್ವಾ?" ಎಂದರು. ಒಳ್ಳೆಯದೇ. ನಾನೂ ತಲೆಯಾಡಿಸಿದೆ.

ಹೆತ್ತ ಮಗು ಮುಟ್ಟಿದರೆ ಹಿಂದೆ ಸರಿಯುವ ತಾಯಿಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಿನಗೆ ಹೀಗೇನಾದರೂ ಆಗಿತ್ತಾ?

ಇದನ್ನು ಅಪ್ಪನಿಗೆ ಓದಿ ಹೇಳಬೇಡ.

ಗುಬ್ಬಿ


ಫೆಬ್ರವರಿ 20

ಗುಬ್ಬಿ,

ಕಾಗದ ಬಂತು. ಮದುವೆಯ ಸೀಸನ್ನು, ಅಂಗಡಿಯಲ್ಲಿ ಒಗೆದು ಇಸ್ತ್ರಿ ಹಾಕಬೇಕಾದ ಕೋಟುಗಳ ರಾಶಿ. ಅದಕ್ಕೆ ತಡ.

ನಿನ್ನಕ್ಕ ಹೆತ್ತಳು, ನಾನು ಇಬ್ಬರನ್ನು ಹೆತ್ತೆ. ಹೆತ್ತ ಮೇಲೆ ಮೈ ಮೊದಲಿನ ಹಾಗೆ ಇರುವುದಿಲ್ಲ. ಡಾಕ್ಟರು ಏನೂ ಇಲ್ಲ ಅಂದರಲ್ಲ. ಅಂಗಡಿಗೆ ಬರುವವರು "ಇಲ್ಲೊಂದು ಕಲೆ ಇದೆ ನೋಡಿ" ಅನ್ನುತ್ತಾರೆ. ದೀಪದ ಕೆಳಗೆ ಹಿಡಿದು ನೋಡುತ್ತೇನೆ. ಕಂಡರೆ ತೆಗೆಯುತ್ತೇನೆ. ಕಾಣದಿದ್ದರೆ ಇಲ್ಲ ಅನ್ನುತ್ತೇನೆ. ಇಲ್ಲದ ಕಲೆಯನ್ನು ಉಜ್ಜುತ್ತಾ ಕೂತರೆ ಇರುವ ಬಟ್ಟೆ ಹಾಳು. ನೀನೂ ಅದನ್ನೇ ಉಜ್ಜುತ್ತಾ ಕೂರಬೇಡ.

ದಿಂಬು ಇಟ್ಟು ಹಾಲು ಕೊಡುವುದನ್ನು ನಿಲ್ಲಿಸು. ಮೈಗೆ ಹತ್ತಿಕೊಂಡಿರಲಿ. ಮಕ್ಕಳಿಗೆ ಎಲ್ಲ ಗೊತ್ತಾಗುತ್ತೆ.

ಅಮ್ಮ


ಮಾರ್ಚ್ 14

ಅಕ್ಕಾ,

ಇದನ್ನು ಅಂಗಡಿಯಲ್ಲಿ ಓದಬೇಡ, ಮನೆಗೆ ಹೋಗಿ ಓದು. ಅಮ್ಮನ ಕಾಗದವನ್ನು ನಾನು ಮಡಚಿ ಮಡಚಿ ಅದರ ಅಂಚೇ ಹರಿದಿದೆ. ಬಯ್ದಿದ್ದರೆ ಜಗಳವಾಡಬಹುದಿತ್ತು. ಅವಳು ಬಯ್ಯಲಿಲ್ಲ, ದೀಪದ ಕೆಳಗೆ ಹಿಡಿದು ನೋಡಿ ವಾಪಸ್ಸು ಕೊಟ್ಟಳು.

ಅಮ್ಮ ಹೇಳಿದಂತೆಯೇ ದಿಂಬು ತೆಗೆದೆ. ಹಿಮ್ಮಡಿ ತಗುಲಿದ ಕೂಡಲೇ ನನಗೆ ಅರಿವಿಲ್ಲದೆ ನನ್ನ ಕೈ ಅವಳ ಕಾಲನ್ನು ತಳ್ಳಿತು. ನೋಯುವಷ್ಟಲ್ಲ. ಆದರೂ ತಳ್ಳಿದೆ ಅಕ್ಕಾ. ಅವಳು ಹಾಲು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಅತ್ತಿದ್ದರೆ ವಾಸಿಯಿತ್ತು. ಅಳಲಿಲ್ಲ.

ಮಾರನೆಯ ದಿನ ಲಸಿಕೆ ಹಾಕಿಸಲು ಹೋದಾಗ ಆಸ್ಪತ್ರೆಯ ಲಿಫ್ಟಿನ ಪಕ್ಕ ಒಂದು ಕಾಗದ ಅಂಟಿಸಿದ್ದರು. ಆಪರೇಷನ್ ಆಗಿ ಗಾಯ ಮಾಗಿದ ಮೇಲೂ ನೋವು ಉಳಿದವರು ಸಂಶೋಧನೆಗೆ ಬೇಕು ಎಂದಿತ್ತು. ಅದನ್ನು ಓದಿ ಮೊದಲು ಬಂದ ಯೋಚನೆ ಏನು ಗೊತ್ತೇ? "ಹಾಗಾದರೆ ಇಂಥವರು ಇನ್ನೂ ಇದ್ದಾರೆ." ಎರಡನೆಯದು: "ಇವರ ಯಂತ್ರದಲ್ಲಿ ನನ್ನ ನೋವಿನ ಫೋಟೋ ಸಿಗುತ್ತದೆ."

ಇವರಿಗೆ ಮಗುವನ್ನು ಒಪ್ಪಿಸಿ ಹೋದೆ. ನೆಲಮಾಳಿಗೆಯಲ್ಲಿ ತಣ್ಣನೆಯ ಕೋಣೆ. ನನ್ನನ್ನು ನೋಡಿಕೊಂಡವಳು ನನಗಿಂತ ಚಿಕ್ಕವಳು, ಕೈಯಲ್ಲಿ ಚಿತ್ರ ಬರೆಯುವ ಕುಂಚ. ಮನಸ್ಸಿನಲ್ಲೇ ಅವಳಿಗೆ ಕುಂಚದವಳು ಎಂದು ಹೆಸರಿಟ್ಟೆ. ಬಂದವಳೇ, "ಎಲ್ಲಿ ಮುಟ್ಟಬಾರದು ಅಂತ ಮೊದಲೇ ತೋರಿಸಿಬಿಡಿ, ಅಲ್ಲಿಗೆ ನಾನು ಬರೋದೇ ಇಲ್ಲ" ಎಂದಳು. ಅಷ್ಟಕ್ಕೇ ನನಗೆ ಅಳು ಬಂತು. ಅವಳು ಟಿಶ್ಯೂ ಪೆಟ್ಟಿಗೆ ಮುಂದಿಟ್ಟು, "ಪರವಾಗಿಲ್ಲ, ಇಲ್ಲಿ ಎಲ್ಲರೂ ಈ ಪ್ರಶ್ನೆಗೇ ಅಳೋದು" ಎಂದಳು.

ಆಮೇಲೆ ಆ ದೊಡ್ಡ ಕೊಳವೆಯೊಳಗೆ ಮಲಗಿಸಿದರು. ಕಿವಿಗೆ ಹತ್ತಿ ತುರುಕಿದರೂ ಯಾರೋ ತಗಡು ಬಡಿಯುತ್ತಿರುವ ಹಾಗೆ ಸದ್ದು. ನಿಜ ಹೇಳಲೇ, ನಾನು ಅಲ್ಲೇ ಒಂದು ಗಳಿಗೆ ನಿದ್ದೆಹೋದೆ. ಮಗುವಿಲ್ಲದ ಜಾಗದಲ್ಲಿ ತಗಡಿನ ಸದ್ದೂ ಜೋಗುಳವೇ. ಅವಳು ಮುಂಗೈ ಮೇಲೆ ಕುಂಚವನ್ನು ಒಮ್ಮೆ ಬೇಗ, ಒಮ್ಮೆ ಮೆಲ್ಲಗೆ ಎಳೆಯುತ್ತಿದ್ದಳು. ಮೆಲ್ಲಗೆ ಸವರಿದ್ದನ್ನು ಹೆಚ್ಚಾಗಿ ಕೇಳಿಸಿಕೊಳ್ಳುವ ನರಗಳು ಚರ್ಮದಲ್ಲಿ ಬೇರೆಯೇ ಇವೆಯಂತೆ. ಅದಕ್ಕೂ ಮೊದಲು ಮಾತಿನ ಪರೀಕ್ಷೆ. ಹೆಚ್ಚಿನವರಿಗೆ ಮಾತು ಮಿದುಳಿನ ಎಡಗಡೆ ಇರುತ್ತದೆ, ಕೆಲವರಿಗೆ ಬಲಗಡೆ, ಕೆಲವರಿಗೆ ಎರಡೂ ಕಡೆ. ಯಾರಿಗೆ ಎಲ್ಲಿ ಎಂದು ಮೊದಲೇ ನೋಡಿಕೊಳ್ಳುತ್ತಾರೆ. ಪರದೆಯ ಮೇಲೆ ಒಂದು ಅಕ್ಷರ ಬರುತ್ತದೆ, ಅದರಿಂದ ಶುರುವಾಗುವ ಪದಗಳನ್ನು ಬಾಯಿ ಬಿಡದೆ ಅಂದುಕೊಳ್ಳಬೇಕು. ನನಗೆ "ಅ" ಬಂತು. ಅಮ್ಮ, ಅಕ್ಕ, ಅಪ್ಪ, ಅಂಗಡಿ, ಅಳು. ಮುಂದೆ ಒಂದೂ ಹೊಳೆಯಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು ನಾನು!

ಮುಗಿದ ಮೇಲೆ ನೆನಪಿಗಿರಲಿ ಎಂದು ಒಂದು ಚಿತ್ರ ಮುದ್ರಿಸಿಕೊಟ್ಟಳು. ಬೂದು ಬಣ್ಣದ ಮಿದುಳು, ಒಂದು ಕಡೆ ಕೆಂಪಗೆ ಹತ್ತಿಕೊಂಡಿದೆ.

"ಇದೇನಾ ನನ್ನ ನೋವು?" ಎಂದೆ.

"ಅಯ್ಯೋ ಅಲ್ಲ, ಅದು ನಿಮ್ಮ ಮಾತು. ಪದ ಹುಡುಕ್ತಿದ್ರಲ್ಲ, ಆಗಿನದು. ಮಾತು ಒಬ್ಬೊಬ್ಬರದ್ದೂ ಹೀಗೆ ಸ್ಪಷ್ಟವಾಗಿ ಸಿಗುತ್ತೆ. ನೋವು ಹಾಗೆ ಒಬ್ಬರ ಚಿತ್ರದಲ್ಲಿ ಬೆರಳಿಟ್ಟು ತೋರ್ಸೋಕೆ ಬರಲ್ಲ. ತುಂಬಾ ಜನರದ್ದು ಸೇರಿಸಿದ್ರೆ ಏನೋ ಸ್ವಲ್ಪ ಕಾಣುತ್ತೆ, ಅಷ್ಟೆ."

"ಮತ್ತೆ ನನಗೆ ನೋವಿದೆ ಅಂತ ನಿಮಗೆ ಹೇಗೆ ಗೊತ್ತು?"

"ನೀವೇ ಹೇಳಿದ್ರಲ್ಲ!"

ಅಕ್ಕಾ, ಅಮ್ಮನಿಗೆ ದೀಪದ ಕೆಳಗೆ ಹಿಡಿಯಲು ಏನಾದರೂ ಬೇಕು. ನನ್ನ ಹತ್ತಿರ ಈಗ ಒಂದು ಚಿತ್ರವಿದೆ, ಅದರಲ್ಲಿ ಕೆಂಪೂ ಇದೆ. ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಬೇಡ ಎನ್ನುವುದಾದರೆ ಬೇಗ ಬರೆ.

ನಿನ್ನ ಗುಬ್ಬಿ


ಮಾರ್ಚ್ 17

ಅಮ್ಮಾ,

ನೋವಿನ ಬಗ್ಗೆ ಸಂಶೋಧನೆ ಮಾಡುವ ಕಡೆ ಹೋಗಿದ್ದೆ. ದೊಡ್ಡ ಯಂತ್ರದಲ್ಲಿ ಮಲಗಿಸಿ ನನ್ನ ಮಿದುಳಿನ ಚಿತ್ರ ತೆಗೆದಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ. ಬೂದು ಬಣ್ಣದ್ದು ಮಿದುಳು. ಕೆಂಪಗೆ ಕಾಣುತ್ತಿದೆಯಲ್ಲ, ಅದು ನನ್ನ ನೋವು.

ನೀನು ಕಾಣದಿದ್ದರೆ ಇಲ್ಲ ಎನ್ನುತ್ತೀಯಲ್ಲ. ಇಗೋ, ನೋಡು.

ಗುಬ್ಬಿ


ಏಪ್ರಿಲ್ 2

ಗುಬ್ಬಿ ಮಹಾರಾಣಿಯವರೇ,

ಬೇಡ ಅಂತ ಬರೆಯೋಕೆ ನಾನು ಪೆನ್ನು ಹುಡುಕೋ ಅಷ್ಟರಲ್ಲಿ ನಿಮ್ಮ ತಲೆ ಬಂದು ಅಂಗಡಿ ಕೌಂಟರಿನ ಗಾಜಿನ ಕೆಳಗೆ ಮಲಗಿತ್ತು. ಅಭಿಪ್ರಾಯ ಕೇಳುವವರು ಉತ್ತರ ಬರುವ ತನಕ ಕಾಯಬೇಕು ಅಂತ ನಿನ್ನ ಕಾಲೇಜಿನಲ್ಲಿ ಹೇಳಿಕೊಡಲಿಲ್ಲವೇ?

ಈಗ ಕೇಳು. ಅಮ್ಮ ಆ ಚಿತ್ರವನ್ನು ದೀಪದ ಕೆಳಗೆ ಹಿಡಿದು, ಕನ್ನಡಕ ಏರಿಸಿ, ಇಳಿಸಿ, ಕೋಟಿನ ಕಲೆ ನೋಡುವ ಹಾಗೆ ನೋಡಿದಳು. ಕೊನೆಗೆ "ಅಂಚು ಹರಡಿದೆ. ಹೊಸದಲ್ಲ ಇದು, ಒಳಗೆ ಇಳಿದುಬಿಟ್ಟಿದೆ" ಎಂದಳು. ನಾನು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದವಳು, ನಗು ತಡೆಯಲಾರದೆ ಆವಿಯ ಹಿಂದೆ ಮುಖ ಮರೆಸಿಕೊಂಡೆ. ತಲೆಯೆತ್ತಿ ನೋಡಿದರೆ ಅವಳು ಚಿತ್ರವನ್ನು ಸೆರಗಿನಿಂದ ಒರೆಸಿ ಗಾಜಿನ ಕೆಳಗೆ ಇಡುತ್ತಿದ್ದಳು. ನಗು ಅಲ್ಲಿಗೇ ನಿಂತಿತು.

ಅಂದಿನಿಂದ ಬಂದವರಿಗೆಲ್ಲ ಪ್ರದರ್ಶನ. ಒಬ್ಬರು ಪರದೆ ಒಗೆಸಲು ಬಂದವರು "ಇದೇನಮ್ಮ, ಹೂಕೋಸಾ?" ಅಂದರು. ಅಮ್ಮ, "ನನ್ನ ಮಗಳ ತಲೆ. ಆ ಕೆಂಪು ಅವಳ ನೋವು. ಆರು ತಿಂಗಳ ಮಗು ಇಟ್ಟುಕೊಂಡು ಇಷ್ಟು ಸಹಿಸ್ತಿದಾಳೆ" ಎಂದಳು. ಚಿಕ್ಕಮ್ಮ ಬಂದು, "ಈಗಿನ ಹುಡುಗೀರಿಗೆ ಮುಟ್ಟಿದ್ರೂ ನೋವು, ಮುಟ್ಟದಿದ್ರೂ ನೋವು" ಅಂತ ರಾಗ ಎಳೆದಳು. ಅಮ್ಮ ಅವಳ ಬೆಡ್‌ಶೀಟಿನ ಗಂಟನ್ನು ಹಾಗೇ ಆಚೆಗೆ ತಳ್ಳಿ, "ಬೇರೆ ಅಂಗಡಿ ನೋಡ್ಕೋ" ಅಂದುಬಿಟ್ಟಳು! ಸ್ವಂತ ತಂಗಿಗೆ! ಅಪ್ಪ ಬಾಗಿಲಲ್ಲಿ ಸ್ಕೂಟರಿಗೆ ಗಂಟು ಕಟ್ಟುತ್ತಿದ್ದವರು, "ಏನು, ಗಂಟುಮೋರೆ ಇವತ್ತು ಭಾಷಣ ಶುರು ಮಾಡಿದಾಳೆ?" ಅಂದರು. "ಹಾಗೆ ಕರೀಬೇಡಿ ಇನ್ನು" ಅಂದಳು ಅಮ್ಮ. ಅಪ್ಪ ಹಗ್ಗ ಹಿಡಿದುಕೊಂಡು ಹಾಗೇ ನಿಂತರು. ಅವಳು ಅಷ್ಟು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಸಂಜೆ ಮಾತ್ರ ಮೂಲೆಯ ಸ್ಟೂಲಿನ ಮೇಲೆ ಎಡಗೆನ್ನೆಯ ಹತ್ತಿರ ಅಂಗೈ ಹಿಡಿದು, ಮುಟ್ಟದೆ, ಕೂತಿದ್ದಳು. ಕೇಳಿದರೆ "ಹಲ್ಲು" ಅಂದಳು.

ನಿನ್ನ ಮೇಲೆ ಕೋಪ ಬಂದಿದೆ ಕಣೇ. ಆದರೆ ಅಮ್ಮ ಮೆತ್ತಗಾಗಿದ್ದಾಳೆ. ಆದದ್ದಾಯಿತು, ಬಾಯಿ ಮುಚ್ಚಿಕೊಂಡಿರು. ನನ್ನ ಹೊಟ್ಟೆಯಲ್ಲೂ ಇದು ಇರುತ್ತೆ. ಒಂದೇ ಭಯ. ಆ ಯಂತ್ರದೊಳಗೆ ಎಷ್ಟು ಹೊತ್ತು ಮಲಗಬೇಕು, ವಯಸ್ಸಾದವರನ್ನೂ ಮಲಗಿಸುತ್ತಾರಾ ಅಂತ ದಿನಾ ಕೇಳುತ್ತಾಳೆ. ಯಾಕೆ ಅಂತ ಗೊತ್ತಿಲ್ಲ.

ಇಸ್ತ್ರಿಯ ಬಿಸಿಯಲ್ಲಿ ಬೇಯುತ್ತಿರುವ
ಅಕ್ಕ


ಏಪ್ರಿಲ್ 8

ಗುಬ್ಬಿ,

ಪಾರ್ಸೆಲಿನಲ್ಲಿ ಹಳೆಯ ಹತ್ತಿ ಅಂಗಿಗಳಿವೆ. ತುಂಬಾ ಸಲ ಒಗೆದು ಬೆಣ್ಣೆಯ ಹಾಗಾಗಿವೆ. ಅಂಚಿನ ಹೊಲಿಗೆ ಬಿಚ್ಚಿದ್ದೇನೆ, ಚುಚ್ಚುವುದಿಲ್ಲ. ದಿಂಬು ಇಟ್ಟುಕೊಂಡೇ ಹಾಲು ಕೊಡು. ನಾನು ಅಂದದ್ದನ್ನು ಮರೆತುಬಿಡು.

ಒಂದು ವಿಷಯ. ನಿನಗೆ ಹಾಲುಹಲ್ಲು ಬೀಳುವ ಕಾಲದಲ್ಲಿ ನಾನು ಒಂದು ದವಡೆ ಹಲ್ಲು ಕೀಳಿಸಿದೆ. ಅಲ್ಲಿಂದ ಶುರು. ಎಡಗೆನ್ನೆ. ಗಾಳಿ ಬಿದ್ದರೆ, ಬಾಚಣಿಗೆ ತಗುಲಿದರೆ, ಕೆಲವು ಸಲ ಬರೀ ಮಾತಾಡಿದರೆ, ಕಾದ ಇಸ್ತ್ರಿಯ ತುದಿ ಇಟ್ಟ ಹಾಗೆ, ಅದರ ಮೇಲೆ ಕರೆಂಟು ಹೊಡೆದ ಹಾಗೆ. ಬರುತ್ತೆ, ಹೋಗುತ್ತೆ. ತಿಂಗಳುಗಟ್ಟಲೆ ಇರುವುದಿಲ್ಲ, ಆಮೇಲೆ ಬರುತ್ತೆ. ಹಲ್ಲಿನ ಡಾಕ್ಟರು ಪಕ್ಕದ ಹಲ್ಲನ್ನೂ ಕಿತ್ತರು. ಅದು ಒಳ್ಳೆಯ ಹಲ್ಲು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇನ್ನೊಬ್ಬ ಡಾಕ್ಟರು ಮನೆಯಲ್ಲಿ ಚಿಂತೆಯೇ ಅಂತ ನಿಮ್ಮಪ್ಪನನ್ನು ಕೇಳಿದರು, ನನ್ನನ್ನಲ್ಲ. ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದೆ. ನಿಮ್ಮಪ್ಪ ತಮಾಷೆಗೆ ಹೆಸರಿಟ್ಟರು. ನೀವೂ ಕರೆದಿರಿ. ನನಗೂ ಅಭ್ಯಾಸವಾಯಿತು.

ಕಿವಿ ಚೆನ್ನಾಗಿಯೇ ಇದೆ. ಫೋನಿನಲ್ಲಿ ಮಾತು ಉದ್ದವಾದರೆ ಕೆನ್ನೆ ಶುರುವಾಗುತ್ತೆ, ಅದಕ್ಕೆ ಕಿವಿಯ ಮೇಲೆ ಹಾಕುತ್ತೇನೆ.

ನೀನು ಶಾಲೆಗೆ ಹೊರಡುವಾಗ ಕೆನ್ನೆಯ ಹತ್ತಿರ ಬರುತ್ತಿದ್ದೆ. ನಾನು ಮುಖ ತಿರುಗಿಸುತ್ತಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ.

ಅಂಥ ಯಂತ್ರ ಇದೆ ಅಂತ ನನಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳ ಕೊನೆಗೆ ಕೆಲಸ ಇಳಿಯುತ್ತೆ, ಆಗ ಬರುತ್ತೇನೆ. ನನ್ನದೂ ಒಂದು ಚಿತ್ರ ತೆಗೆಸಿಕೊಡು. ಗಾಜಿನಡಿ ನಿನ್ನದರ ಪಕ್ಕ ಜಾಗ ಬಿಟ್ಟಿದ್ದೇನೆ. ನಿಮ್ಮಪ್ಪ ಒಂದು ಸಲ ನೋಡಲಿ.

ಅಮ್ಮ


ಏಪ್ರಿಲ್ 16

ಅಕ್ಕಾ,

ಅಮ್ಮನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು. ನಿನಗೂ ಹೇಳಿರಲಿಲ್ಲ, ಅಲ್ಲವೇ?

ಶಾಲೆಗೆ ಹೊರಡುವ ಬೆಳಿಗ್ಗೆಗಳು ನನಗೆ ನೆನಪಿಲ್ಲದೆ ಏನು. ನಾನು ಎಗರಿ ಕೆನ್ನೆಗೆ ಬಾಯಿ ತಗುಲಿಸಬೇಕು, ಅವಳು ಸರಕ್ಕನೆ ಮುಖ ಆಚೆ ತಿರುಗಿಸಬೇಕು. ಅಮ್ಮನಿಗೆ ನಾನೆಂದರೆ ಅಷ್ಟಕ್ಕಷ್ಟೆ ಎಂದು ನಾನು ಅಂದೇ ತೀರ್ಮಾನ ಮಾಡಿದ್ದೆ. ಬಾಣಂತನಕ್ಕೆ ಅವಳ ಹತ್ತಿರ ಹೋಗದೆ ಇದ್ದದ್ದೂ ಅದಕ್ಕೇ. "ಗಂಟುಮೋರೆಯ ಮುಂದೆ ಮಗು ನಗುವುದನ್ನು ಮರೆಯುತ್ತದೆ" ಎಂದು ಇವರಿಗೆ ನಗುತ್ತಾ ಹೇಳಿದ್ದೆ. ಈಗ ಪಾಪುವಿನ ಕಾಲು ಬಂದಾಗ ನಾನು ಸರಿಯುತ್ತೇನಲ್ಲ, ಆಗ ನನ್ನ ಮುಖವೂ ಅದೇ ಗಂಟು. ಕನ್ನಡಿಯಲ್ಲಿ ನೋಡಿಕೊಂಡೆ.

ಕುಂಚದವಳ ಹತ್ತಿರ ಓಡಿದೆ. ಅಮ್ಮನ ಚಿತ್ರವನ್ನೂ ತೆಗೆದುಕೊಡಿ ಎಂದು ಗೋಗರೆದೆ. ಅವಳು, "ತೆಗೆಯೋಣ ಅಂತಲೇ ಇಟ್ಕೊಳ್ಳಿ. ಚೆಂದದ, ಆರೋಗ್ಯವಾದ ಮಿದುಳು ಕಾಣುತ್ತೆ. ಆಗ ಅವರಿಗೆ ಏನಂತ ಹೇಳ್ತೀರಿ?" ಎಂದಳು. ಆಮೇಲೆ ಕೆನ್ನೆಯ ವಿವರ ಕೇಳಿದಳು. ಅಂಥ ನೋವು ಡಾಕ್ಟರುಗಳಿಗೆ ಗೊತ್ತಿರುವುದೇ, ಅದಕ್ಕೆ ಹೆಸರೂ ಇದೆ, ಮಾತ್ರೆಗಳೂ ಇವೆಯಂತೆ. ನರದ ಡಾಕ್ಟರಿಗೆ ತೋರಿಸಿ, ಅವರು ಕೇಳಿ ಕೇಳಿಯೇ ಕಂಡುಹಿಡಿಯುತ್ತಾರೆ ಎಂದಳು. "ಸ್ಕ್ಯಾನ್ ಮಾಡಿಸಿದರೂ ಅದು ನೋವು ಇದೆಯೋ ಇಲ್ವೋ ನೋಡೋಕಲ್ಲ. ಯಾಕಿದೆ ಅಂತ ನೋಡೋಕೆ."

ಅಮ್ಮ ಇಷ್ಟು ವರ್ಷ ಕಾದು, ಮೊದಲ ಸಲ ಒಬ್ಬರನ್ನು ನಂಬಿ ಬರುತ್ತಿದ್ದಾಳೆ. ನಂಬಿದ್ದು ನನ್ನ ಸುಳ್ಳನ್ನು. ಯಂತ್ರ ಅವಳಿಗೂ "ಏನೂ ಇಲ್ಲ" ಎಂದರೆ? ಅಪ್ಪನ ಮುಂದೆ?

ನೀನು ಹೇಳಿಬಿಡು ಅಕ್ಕಾ. ನೀನು ಹೇಳಿದರೆ ಅವಳು ಅರ್ಧ ನಗುತ್ತಾಳೆ. ನಾನು ಬರೆಯಲು ಕೂತರೆ "ಅಮ್ಮಾ" ಎಂಬಲ್ಲಿಗೇ ಪೆನ್ನು ನಿಲ್ಲುತ್ತದೆ.

ಗುಬ್ಬಿ


ಏಪ್ರಿಲ್ 24

ಗುಬ್ಬಿ,

ನಾನು ಹೇಳುವುದಿಲ್ಲ.

ನಿನ್ನ ಮೇಲಿನ ಸಿಟ್ಟಿಗಲ್ಲ. ಹುಬ್ಬು ಗಂಟಿಕ್ಕಿ, ತುಟಿ ಓರೆ ಮಾಡಿ ಅಮ್ಮನ ಹಾಗೆ ಮುಖ ಮಾಡಿ ತೋರಿಸುತ್ತಿದ್ದವಳು ನಾನು. ಬಂದ ನೆಂಟರೆಲ್ಲ ನಕ್ಕು "ಇನ್ನೊಂದು ಸಲ ಮಾಡು" ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು, ಒಂದೇ ಕಡೆಯ ತುಟಿಯಲ್ಲಿ. ಯಾಕೆ ಒಂದೇ ಕಡೆ ಅಂತ ಈಗ ಗೊತ್ತಾಯಿತು. ಅವಳ ಮುಂದೆ ನಿಂತು ನಿನ್ನ ಸುಳ್ಳನ್ನು ತಮಾಷೆ ಮಾಡಿ ಹೇಳುವ ಮುಖ ನನಗೆ ಉಳಿದಿಲ್ಲ.

ಚಿತ್ರ ಕಳಿಸಿದ ಕೈಯೇ ಬರೆಯಲಿ. ಬೇಗ ಬರೆ. ಅವಳು ಆಗಲೇ ಟಿಕೆಟು ಮಾಡಿಸಿದ್ದಾಳೆ.

ಅಕ್ಕ


ಮೇ 1

ಅಮ್ಮಾ,

ಇದನ್ನು ಒಬ್ಬಳೇ ಕೂತು ಓದು.

ನಾನು ಕಳಿಸಿದ ಚಿತ್ರದಲ್ಲಿರುವುದು ನನ್ನ ನೋವಲ್ಲ. ಅದು ಮಾತಿನ ಪರೀಕ್ಷೆಯ ಚಿತ್ರ. ಒಂದು ಅಕ್ಷರ ತೋರಿಸಿ ಪದಗಳನ್ನು ಅಂದುಕೊಳ್ಳಿ ಎಂದಿದ್ದರು, ಆಗ ಕೆಲಸ ಮಾಡಿದ ಜಾಗ ಆ ಕೆಂಪು. ಕೊಟ್ಟವಳು ಹಾಗೆಂದು ನನಗೆ ಬಿಡಿಸಿ ಹೇಳಿದ್ದಳು. ಗೊತ್ತಿದ್ದೇ ನಿನಗೆ ಸುಳ್ಳು ಬರೆದೆ. ಒಬ್ಬರ ನೋವನ್ನು ಹಾಗೆ ಚಿತ್ರದಲ್ಲಿ ತೋರಿಸುವ ಯಂತ್ರ ಇಲ್ಲವಂತೆ ಅಮ್ಮಾ. ನಿನ್ನನ್ನು ಮಲಗಿಸಿದರೂ ಅದರಲ್ಲಿ ನಿನ್ನ ಕೆನ್ನೆ ಕಾಣುವುದಿಲ್ಲ.

ಗಾಜಿನಡಿ ಬಿಟ್ಟಿರುವ ಜಾಗದ ಬಗ್ಗೆ ನೀನು ಬರೆದೆಯಲ್ಲ, ಆ ಸಾಲನ್ನು ನಾನು ಈಚೆಗೆ ಕಣ್ಣು ಮುಚ್ಚಿದರೂ ಓದುತ್ತೇನೆ. ಬಂದವರಿಗೆಲ್ಲ ನನ್ನ ಸುಳ್ಳನ್ನು ನಿನ್ನ ಬಾಯಲ್ಲಿ ಹೇಳಿಸಿದೆ. ನಿನ್ನ ತಂಗಿಯ ಹತ್ತಿರ ಜಗಳವಾಡಿಸಿದೆ. ನೋಯುವ ಕೆನ್ನೆಯಿಂದ ನೀನು ಅಷ್ಟು ಮಾತಾಡಿದ್ದು ನನಗಾಗಿ. ನನ್ನ ಉರಿ ಸುಳ್ಳಲ್ಲ, ಆದರೆ ಈಗ ಅದನ್ನು ಹೇಳುವುದಕ್ಕೂ ನನಗೆ ನಾಚಿಕೆ.

ನಿನ್ನಂಥ ನೋವಿಗೆ ನರದ ಡಾಕ್ಟರಿದ್ದಾರೆ. ಅವರು ನೀನು ಹೇಳುವುದನ್ನು ಕೇಳಿಯೇ ಗುರುತು ಹಿಡಿಯುತ್ತಾರೆ, ಮಾತ್ರೆಗಳಿವೆ. ದಿನ ಗೊತ್ತು ಮಾಡಿದ್ದೇನೆ. ನೀನು ಬರುವುದಾದರೆ. ಬರದೆ ಇದ್ದರೆ ಅಕ್ಕನ ಜೊತೆ ಅಲ್ಲೇ ತೋರಿಸು, ನನ್ನ ಮೇಲಿನ ಕೋಪಕ್ಕೆ ಅದನ್ನು ಬಿಡಬೇಡ.

ಪರೀಕ್ಷೆಯಲ್ಲಿ ಬಂದ ಅಕ್ಷರ "ಅ". ಆ ಕೆಂಪಿನಲ್ಲಿ ಮೊದಲು ನಾನು ಅಂದುಕೊಂಡದ್ದು "ಅಮ್ಮ". ಇದೊಂದು ನಿಜ.

ಗುಬ್ಬಿ


ಜೂನ್ 3

ಗುಬ್ಬಿ,

ತಡವಾಯಿತು. ಮೊದಲು ಕೋಪವಿತ್ತು. ಆಮೇಲೆ ಕೋಪ ಇಳಿದು ನಾಚಿಕೆ ಬಂತು. ನಾಚಿಕೆ ಇಳಿಯಲಿಲ್ಲ, ಅದರಲ್ಲೇ ಬರೆಯುತ್ತಿದ್ದೇನೆ. ಹೋದ ತಿಂಗಳ ಟಿಕೆಟು ವಾಪಸ್ಸು ಕೊಟ್ಟೆ.

ಮೊದಲ ಅಕ್ಷರ, ಮೊದಲ ಮಾತು ಅಂತ ನನಗೆ ಬೆಣ್ಣೆ ಹಚ್ಚಬೇಡ. ಆ ಅಕ್ಷರ ಕೊಟ್ಟರೆ ಊರಿನವರೆಲ್ಲ ಅದನ್ನೇ ಹೇಳುತ್ತಾರೆ.

ಅಂಗಡಿಯಲ್ಲಿ ಒಂದು ಜಾತಿಯ ಕಲೆ ಇದೆ. ಬಣ್ಣವಿಲ್ಲದ ಸಿಹಿ ಪಾನಕ, ಸೋಡಾ ಚೆಲ್ಲಿಕೊಂಡಿರುತ್ತಾರೆ, ಒಣಗಿದರೆ ಕಣ್ಣಿಗೆ ಏನೂ ಇಲ್ಲ. ದೀಪದಲ್ಲೂ ಇಲ್ಲ. ಇಸ್ತ್ರಿ ಇಟ್ಟ ಕೂಡಲೇ ಕಂದು ಎದ್ದು ಬರುತ್ತೆ. ಅದಕ್ಕೇ ಬಟ್ಟೆ ತಗೊಳ್ಳುವಾಗ "ಇಲ್ಲೇನಾದರೂ ಚೆಲ್ಲಿತ್ತಾ?" ಅಂತ ಬಾಯಿಬಿಟ್ಟು ಕೇಳಬೇಕು. ಯಾರದೋ ಕೋಟಿಗೆ ಕೇಳುತ್ತೇನೆ. ನಿನ್ನನ್ನು ಕೇಳಲಿಲ್ಲ. ನೀನು ಬರೆದರೂ, ದೀಪ ಹಿಡಿದೆ. ಇಷ್ಟು ವರ್ಷ ಈ ಕೆನ್ನೆ ಹೊತ್ತುಕೊಂಡು, ನನ್ನನ್ನು ಯಾರೂ ನಂಬಲಿಲ್ಲ ಅಂತ ಒಳಗೊಳಗೇ ಎಲ್ಲರ ಮೇಲೂ ಮುನಿದುಕೊಂಡವಳು, ಹೆತ್ತ ಮಗಳು ಹೇಳಿದರೆ ಚಿತ್ರ ತಾ ಅಂದೆ. ನೀನು ಸುಳ್ಳು ಕಳಿಸಿದ್ದು ತಪ್ಪು. ಆದರೆ ಅದನ್ನು ಕೇಳಿ ತರಿಸಿಕೊಂಡವಳು ನಾನು.

ಚಿತ್ರ ಗಾಜಿನಡಿಯೇ ಇದೆ. ಮೊನ್ನೆ ಒಬ್ಬರು ಕೇಳಿದರು. "ಮಗಳ ತಲೆ. ಆ ಕೆಂಪು ಅವಳ ಮಾತು. ನೋವು ಬೇರೆ ಕಡೆ ಇದೆ, ಅದು ಚಿತ್ರದಲ್ಲಿ ಬರಲ್ಲ" ಅಂದೆ. ಅವರು ಹೂಂ ಅಂದು ಕೋಟು ಕೊಟ್ಟು ಹೋದರು. ಅಷ್ಟೇ ಆಯಿತು. ಪಕ್ಕದ ಜಾಗದಲ್ಲಿ ಪಾಪುವಿನ ಫೋಟೋ ಇಟ್ಟಿದ್ದೇನೆ.

ನಿಮ್ಮಪ್ಪನಿಗೆ ಹೇಳಿದೆ. ಚಿತ್ರ ಇಲ್ಲದೆ, ಬಾಯಲ್ಲೇ. ಮಾರನೆಯ ದಿನ ಸ್ಕೂಟರಿನಲ್ಲಿ ಹೋಗುವಾಗ ನನ್ನ ಎಡಗಡೆಗೆ ಗಾಳಿ ಬೀಳುತ್ತೆ ಅಂತ ಮೆಲ್ಲಗೆ ಓಡಿಸಿದರು. ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವರು ಜಾಗ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಡಾಕ್ಟರ ದಿನವನ್ನು ಮತ್ತೆ ಗೊತ್ತು ಮಾಡು. ಆ ಹುಡುಗಿ ಕುಂಚ ಹಿಡಿದು ನಿನ್ನನ್ನು ಒಂದು ಮಾತು ಕೇಳಿದಳಂತೆ, ನಿನ್ನಕ್ಕ ಹೇಳಿದಳು. ಬಂದ ಕೂಡಲೇ ನಾನೂ ಅದನ್ನೇ ಕೇಳುತ್ತೇನೆ. ಎಲ್ಲಿ ಮುಟ್ಟಬಾರದು ಅಂತ ತೋರಿಸು. ಅಲ್ಲಿ ಬಿಟ್ಟು ಉಳಿದ ಕಡೆ ಎಣ್ಣೆ ಹಚ್ಚುತ್ತೇನೆ. ಹಾಲು ಕೊಡುವಾಗ ಪಾಪುವಿನ ಕಾಲು ನಾನು ಹಿಡಿದುಕೊಳ್ಳುತ್ತೇನೆ. ಮಧ್ಯಾಹ್ನ ನೀನು ಮಲಗು.

ಬಸ್ ಸ್ಟ್ಯಾಂಡಿಗೆ ನೀನೇ ಬರುತ್ತೀಯ ಅಂತ ಗೊತ್ತು. ಬಂದರೆ ಚಿಕ್ಕವಳಿದ್ದಾಗ ಎಗರುತ್ತಿದ್ದ ಹಾಗೆ ಎಡಗಡೆಯಿಂದ ಬರಬೇಡ. ನನ್ನ ಬಲಗೆನ್ನೆಗೆ ಯಾವತ್ತೂ ಏನೂ ಆಗಿಲ್ಲ. ಅದನ್ನು ನಿನಗೆ ಆಗಲೇ ಹೇಳಬೇಕಿತ್ತು.

ಅಮ್ಮ